ಕಂಪನಿಯ ಹಣ, ಪಕ್ಷದ ಖಾತೆ

ಕಂಪನಿಯೊಂದು ರಾಜಕೀಯ ಪಕ್ಷಕ್ಕೆ ಹಣ ಕೊಡಬಹುದೇ ಎಂಬ ಪ್ರಶ್ನೆ 1957ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಬಂದಿತ್ತು. ಪಕ್ಷಗಳಿಗೆ ದೇಣಿಗೆ ಕೊಡುವ ಅಧಿಕಾರ ಪಡೆಯಲು ಟಾಟಾ ಐರನ್ ಅಂಡ್ ಸ್ಟೀಲ್ ಕಂಪನಿ ತನ್ನ ಸ್ಥಾಪನಾ ಪತ್ರವನ್ನು ತಿದ್ದಲು ಹೊರಟಿತ್ತು. ಷೇರುದಾರರೊಬ್ಬರು ಅದನ್ನು ವಿರೋಧಿಸಿದ್ದರು. ತಿದ್ದುಪಡಿಯನ್ನು ತಡೆಯಲು ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಅವರಿಗೆ ಕಾನೂನಿನ ಆಧಾರ ಸಿಗಲಿಲ್ಲ. ಒಪ್ಪಿಗೆ ಕೊಟ್ಟರು, ಆದರೆ ಈ ರೂಢಿ ಬೆಳೆದರೆ ಪ್ರಜಾಪ್ರಭುತ್ವದ ಉಸಿರೇ ಕಟ್ಟೀತೆಂದು ತೀರ್ಪಿನಲ್ಲಿ ಎಚ್ಚರಿಸಿದರು. ಅಂದಿನ ಆತಂಕಕ್ಕೆ ಇದ್ದ ಕಾರಣ ಇಂದಿಗೂ ಹಾಗೆಯೇ ಇದೆ. ಕಂಪನಿಗೆ ಮತವಿಲ್ಲ. ಗಣಿ ಪರವಾನಗಿ, ರಸ್ತೆ ಗುತ್ತಿಗೆ, ತೆರಿಗೆ ದರ ಎಲ್ಲವೂ ಮಾತ್ರ ಅದಕ್ಕೆ ಸರ್ಕಾರದಿಂದಲೇ ಬರಬೇಕು. ಅದು ಕೊಡುವ ಹಣವೂ ನಿರ್ದೇಶಕರ ಸ್ವಂತದ್ದಲ್ಲ, ಷೇರುದಾರರದು. ಎಲ್‌ಐಸಿ ಪಾಲಿಸಿ, ಮ್ಯೂಚುವಲ್ ಫಂಡ್, ಭವಿಷ್ಯನಿಧಿಗಳ ದಾರಿಯಲ್ಲಿ ಸಾಮಾನ್ಯ ನೌಕರನ ಉಳಿತಾಯವೂ ಅದರಲ್ಲಿ ಸೇರಿದೆ.

ಮುಂದಿನ ಆರು ದಶಕ ಕಾನೂನು ಅತ್ತಿತ್ತ ಹೊಯ್ದಾಡಿತು. 1960ರಲ್ಲಿ ದೇಣಿಗೆಗೆ ಮಿತಿ ಬಂತು. 1969ರಲ್ಲಿ ಇಂದಿರಾ ಗಾಂಧಿ ಸರ್ಕಾರ ಕಂಪನಿ ದೇಣಿಗೆಯನ್ನೇ ನಿಷೇಧಿಸಿತು. ಪಕ್ಷಗಳಿಗೆ ಬೇರೆ ಆದಾಯದ ದಾರಿ ತೋರಿಸಲಿಲ್ಲ. ಹಣ ಹರಿಯುವುದು ನಿಲ್ಲಲಿಲ್ಲ, ಬ್ರೀಫ್‌ಕೇಸ್ ಸೇರಿತು. 1985ರಲ್ಲಿ ನಿಷೇಧ ತೆರವಾಗಿ, ಸರಾಸರಿ ನಿವ್ವಳ ಲಾಭದ ಶೇ 5ರವರೆಗೆ ಕೊಡಬಹುದೆಂದಾಯಿತು. 2013ರ ಕಂಪನಿ ಕಾಯ್ದೆ ಅದನ್ನು ಶೇ 7.5ಕ್ಕೆ ಏರಿಸಿತು.

ಆ ಕಾಯ್ದೆಯ 182ನೇ ಸೆಕ್ಷನ್ನಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಕಂಪನಿಗೆ ಕನಿಷ್ಠ ಮೂರು ಹಣಕಾಸು ವರ್ಷ ತುಂಬಿರಬೇಕು. ನಿರ್ದೇಶಕ ಮಂಡಳಿಯ ಸಭೆಯಲ್ಲಿ ನಿರ್ಣಯವಾಗಿರಬೇಕು. ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇ 7.5 ಮೀರಬಾರದು, ಲಾಭ-ನಷ್ಟದ ಲೆಕ್ಕದಲ್ಲಿ ಮೊತ್ತವನ್ನೂ ಪಕ್ಷದ ಹೆಸರನ್ನೂ ಬರೆಯಬೇಕು. ಮೂಲದಲ್ಲಿ ಇದ್ದದ್ದು ಇಷ್ಟು. 2017ರ ಹಣಕಾಸು ಕಾಯ್ದೆ ಇದರಿಂದ ಎರಡನ್ನು ಕಿತ್ತುಹಾಕಿತು: ಶೇ 7.5ರ ಮಿತಿ ಮತ್ತು ಪಕ್ಷದ ಹೆಸರು. ತಿದ್ದುಪಡಿ ಕೆಲವೇ ಸಾಲಿನದು, ಅದೂ ಬಜೆಟ್ಟಿನ ಜೊತೆ ಬಂದ ಮಸೂದೆಯಲ್ಲಿ ಸೇರಿತ್ತು. ಮಿತಿ ಹೋದದ್ದರಿಂದ ಲಾಭವೇ ಕಾಣದ ಕಂಪನಿಯೂ ಕೋಟಿಗಟ್ಟಲೆ ಕೊಡಬಹುದಾಯಿತು. ಲಾಭವಿಲ್ಲದವನ ಕೈಯಲ್ಲಿ ಕೊಡಲು ಹಣವಿದ್ದರೆ ಅದು ಬೇರೆ ಯಾರದ್ದೋ ಹಣವೆಂದು ಲೆಕ್ಕಪತ್ರ ಬಲ್ಲ ಯಾರಿಗೂ ಹೊಳೆಯುತ್ತದೆ. ಹೆಸರು ಹೋದದ್ದರಿಂದ ತನ್ನ ಹಣ ಯಾವ ಪಕ್ಷಕ್ಕೆ ಹೋಯಿತೆಂದು ಕೇಳುವ ದಾರಿ ಷೇರುದಾರನಿಗೆ ಮುಚ್ಚಿತು. ಸ್ವತಂತ್ರ ಭಾರತದ ಚುನಾವಣಾ ಹಣಕಾಸಿನಲ್ಲಿ ಇದಕ್ಕಿಂತ ಕೆಟ್ಟ ತಿದ್ದುಪಡಿಯನ್ನು ತೋರಿಸುವುದು ಕಷ್ಟ.

ಅದರ ಬೆನ್ನಿಗೆ, 2018ರ ಜನವರಿ 2ರಂದು, ಚುನಾವಣಾ ಬಾಂಡ್ ಯೋಜನೆಯ ಅಧಿಸೂಚನೆ ಹೊರಬಿತ್ತು. ಸಾವಿರ ರೂಪಾಯಿಯಿಂದ ಒಂದು ಕೋಟಿಯವರೆಗಿನ ಬಾಂಡ್‌ಗಳನ್ನು ಸ್ಟೇಟ್ ಬ್ಯಾಂಕಿನಲ್ಲಿ ಮಾತ್ರ ಕೊಳ್ಳಬೇಕಿತ್ತು. 15 ದಿನದೊಳಗೆ ಪಕ್ಷ ಅದನ್ನು ನಗದಾಗಿಸಿಕೊಳ್ಳಬೇಕಿತ್ತು. ಬಾಂಡಿನ ಮೇಲೆ ಕೊಂಡವರ ಹೆಸರಿರಲಿಲ್ಲ. ಬರಿಗಣ್ಣಿಗೆ ಕಾಣದ, ನೇರಳಾತೀತ ಬೆಳಕಿನಲ್ಲಿ ಮಾತ್ರ ಕಾಣುವ ಸಂಖ್ಯೆಯೊಂದು ಅದರ ಮೇಲಿತ್ತು. ಪತ್ರಕರ್ತೆ ಪೂನಂ ಅಗರ್ವಾಲ್ ಬಾಂಡ್ ಕೊಂಡು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ 2018ರಲ್ಲಿ ಇದನ್ನು ಬಯಲು ಮಾಡಿದರು. ಯಾರು ಕೊಂಡರೆಂಬುದು ಸರ್ಕಾರಿ ಒಡೆತನದ ಬ್ಯಾಂಕಿನ ದಾಖಲೆಯಲ್ಲಿತ್ತು. ಮತದಾರನಿಗೆ ಮಾತ್ರ ತಿಳಿಯಕೂಡದಾಗಿತ್ತು. ಯೋಜನೆ ರೂಪುಗೊಳ್ಳುತ್ತಿದ್ದಾಗಲೇ ರಿಸರ್ವ್ ಬ್ಯಾಂಕ್ ಮತ್ತು ಚುನಾವಣಾ ಆಯೋಗ ಎರಡೂ ಆಕ್ಷೇಪ ಎತ್ತಿದ್ದವು.

ಇದನ್ನು ನ್ಯಾಯಾಲಯಕ್ಕೆ ಒಯ್ದವರಲ್ಲಿ ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್ ಪ್ರಮುಖವಾದದ್ದು. ಘಟಿಕೋತ್ಸವದ ಈ ವೇದಿಕೆಯಲ್ಲಿ ಈ ಸಂಸ್ಥೆಯ ಮಾತು ಬರಲೇಬೇಕು, ಏಕೆಂದರೆ 1999ರಲ್ಲಿ ಇದನ್ನು ಕಟ್ಟಿದವರು ಅಹಮದಾಬಾದಿನ ಐಐಎಂನ ಅಧ್ಯಾಪಕರು. ಅವರಲ್ಲಿ ತ್ರಿಲೋಚನ ಶಾಸ್ತ್ರಿ ಮುಂದೆ ಬೆಂಗಳೂರಿನ ಐಐಎಂಗೆ ಬಂದರು. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಜಗದೀಪ್ ಛೋಕರ್ ರೈಲ್ವೆಯಲ್ಲಿ ಎಂಜಿನಿಯರ್ ಆಗಿದ್ದು ಆಮೇಲೆ ಮೇಷ್ಟ್ರಾದವರು. ವಯಸ್ಸಾದ ಮೇಲೆ ಕಾನೂನು ಪದವಿಯನ್ನೂ ಪಡೆದರು. ಅಭ್ಯರ್ಥಿಗಳು ತಮ್ಮ ಮೇಲಿನ ಕ್ರಿಮಿನಲ್ ಪ್ರಕರಣ ಮತ್ತು ಆಸ್ತಿಯ ವಿವರ ಕೊಡಬೇಕೆಂಬ 2002ರ ಸುಪ್ರೀಂ ಕೋರ್ಟ್ ತೀರ್ಪು ಈ ಅಧ್ಯಾಪಕರು ಹೂಡಿದ ದಾವೆಯ ಫಲ. ಪಾಠ ಹೇಳುವವರು ಪಾಠವನ್ನೇ ಹಿಡಿದು ಕೋರ್ಟಿಗೆ ಹೋದರು, ವರ್ಷಗಟ್ಟಲೆ ಕಾದರು, ಬೇಸರಪಡಲಿಲ್ಲ. ಮೇಷ್ಟ್ರ ವೃತ್ತಿಗೆ ಇಂಥ ಗೌರವ ತಂದುಕೊಟ್ಟವರು ವಿರಳ.

ಬಾಂಡ್ ವಿರುದ್ಧದ ಅರ್ಜಿ 2017ರದು. ತೀರ್ಪು ಬಂದದ್ದು 2024ರ ಫೆಬ್ರುವರಿ 15ರಂದು. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ನೇತೃತ್ವದ ಐವರ ಪೀಠ ಒಮ್ಮತದಿಂದ ಯೋಜನೆಯನ್ನು ರದ್ದುಮಾಡಿತು. ಮತದಾರನಿಗೆ ತಿಳಿಯುವ ಹಕ್ಕಿದೆ, ಮಿತಿಯಿಲ್ಲದ ಕಂಪನಿ ದೇಣಿಗೆ ಸಂವಿಧಾನದ 14ನೇ ವಿಧಿಗೆ ವಿರುದ್ಧ ಎಂದು ಹೇಳಿತು. ವಿವರ ಕೊಡಲು ಸ್ಟೇಟ್ ಬ್ಯಾಂಕ್ ಜೂನ್ 30ರವರೆಗೆ ಕಾಲಾವಕಾಶ ಕೇಳಿತು. ಅಷ್ಟರಲ್ಲಿ ಲೋಕಸಭಾ ಚುನಾವಣೆ ಮುಗಿದಿರುತ್ತಿತ್ತು. ನ್ಯಾಯಾಲಯ ಒಪ್ಪದೆ ಮರುದಿನವೇ ಕೊಡಿಸಿತು. ಬಾಂಡ್ ಕೊಂಡವರ ಪಟ್ಟಿಯ ಮೊದಲಲ್ಲಿದ್ದದ್ದು ಜಾರಿ ನಿರ್ದೇಶನಾಲಯದ ತನಿಖೆ ಎದುರಿಸುತ್ತಿದ್ದ ಲಾಟರಿ ಕಂಪನಿ ಫ್ಯೂಚರ್ ಗೇಮಿಂಗ್: 1,368 ಕೋಟಿ ರೂಪಾಯಿ. ಎರಡನೆಯದು ದೊಡ್ಡ ಸರ್ಕಾರಿ ಗುತ್ತಿಗೆಗಳನ್ನು ಪಡೆಯುವ ಮೇಘಾ ಎಂಜಿನಿಯರಿಂಗ್: 966 ಕೋಟಿ. ಅತಿ ಹೆಚ್ಚು ಪಾಲು ಪಡೆದದ್ದು ಬಿಜೆಪಿ, ಸುಮಾರು 6,000 ಕೋಟಿ. ರಾಜ್ಯಗಳಲ್ಲಿ ಆಳುತ್ತಿದ್ದ ಪಕ್ಷಗಳಿಗೂ ದೊಡ್ಡ ಮೊತ್ತವೇ ಸಂದಿತ್ತು. ತನಿಖೆ ಮತ್ತು ಬಾಂಡ್‌ಗಳ ತಾರೀಕು ಹತ್ತಿರವಿದ್ದ ಮಾತ್ರಕ್ಕೆ ಲಂಚ ಸಾಬೀತಾಗದು. ವಿಶೇಷ ತನಿಖಾ ತಂಡ ಬೇಕೆಂಬ ಬೇಡಿಕೆಯನ್ನು ಅದೇ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಆದರೆ ತಾರೀಕುಗಳೇ ಗುಟ್ಟಾಗಿದ್ದ ದೇಶದಲ್ಲಿ ಅನುಮಾನವನ್ನು ಪರೀಕ್ಷಿಸುವುದಕ್ಕೂ ದಾರಿಯಿರಲಿಲ್ಲ.

ಇಂದು ಪದವಿ ಪಡೆದವರಿಗೂ ಅವರನ್ನು ಓದಿಸಿದ ಮನೆಯವರಿಗೂ ಅಭಿನಂದನೆ ಸಲ್ಲಲೇಬೇಕು. ಜೊತೆಗೆ ಒಂದು ತಕರಾರೂ ಉಂಟು. ರಾಜಕಾರಣವೇ ಕೊಳಕು ಎಂದು ಅರ್ಧ ನಿಮಿಷದ ವಿಡಿಯೊ ಹಂಚಿ ಸುಮ್ಮನಾಗುವ ಅಭ್ಯಾಸ ಈ ತಲೆಮಾರಿಗೆ ಅಂಟಿದೆ. ಬಿ.ಕಾಂ. ಮುಗಿಸಿಯೂ ಒಂದು ಕಂಪನಿಯ ವಾರ್ಷಿಕ ವರದಿಯನ್ನು ಕೊನೆಯ ಟಿಪ್ಪಣಿಯವರೆಗೆ ಓದದವರು ಬಹಳ. ಕೊಳಕು ಎಲ್ಲಿದೆಯೆಂದು ತಿಳಿಯುವುದು ಆ ಟಿಪ್ಪಣಿಗಳಲ್ಲಿ. ಕಂಪನಿ ಸೆಕ್ರೆಟರಿಯಾಗುವವರು ದೇಣಿಗೆಯ ನಿರ್ಣಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡಬೇಕು. 182ನೇ ಸೆಕ್ಷನ್ ಮೀರಿದರೆ ದೇಣಿಗೆಯ ಐದು ಪಟ್ಟಿನವರೆಗೆ ದಂಡ, ತಪ್ಪಿತಸ್ಥ ಅಧಿಕಾರಿಗೆ ಆರು ತಿಂಗಳವರೆಗೆ ಜೈಲು. ಹತ್ತು ಷೇರು ಕೊಂಡವರೂ ವಾರ್ಷಿಕ ಮಹಾಸಭೆಯಲ್ಲಿ ಪ್ರಶ್ನೆ ಕೇಳಬಹುದು. ಪಕ್ಷಗಳು ದೇಣಿಗೆಯ ವಿವರ ಸಲ್ಲಿಸುವ ನಮೂನೆ 24ಎ ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ತಂತಮ್ಮ ಜಿಲ್ಲೆಯ ಕಾರ್ಖಾನೆ, ಗುತ್ತಿಗೆದಾರರ ಹೆಸರನ್ನು ಅದರಲ್ಲಿ ಹುಡುಕಲು ಒಂದು ಭಾನುವಾರ ಸಾಕು.

ತೀರ್ಪಿನಿಂದ ಎಲ್ಲವೂ ಸರಿಹೋಗಿಲ್ಲ. ಚುನಾವಣಾ ಟ್ರಸ್ಟ್‌ಗಳಲ್ಲಿ ಹಲವು ಕಂಪನಿಗಳ ಹಣ ಒಟ್ಟುಗೂಡಿ ಹಂಚಿಹೋಗುವುದರಿಂದ ಯಾರ ಹಣ ಯಾರಿಗೆ ಎಂಬುದು ಅಲ್ಲಿ ಮತ್ತೆ ಮಸುಕು. ಕರ್ನಾಟಕದಲ್ಲಿ ಲೋಕಸಭಾ ಅಭ್ಯರ್ಥಿಯ ವೆಚ್ಚಕ್ಕೆ 95 ಲಕ್ಷ, ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷ ರೂಪಾಯಿ ಮಿತಿಯಿದೆ. ಪಕ್ಷದ ವೆಚ್ಚಕ್ಕೆ ಮಿತಿಯೇ ಇಲ್ಲ. ಪಕ್ಷದ ವೆಚ್ಚವನ್ನೂ ಅಭ್ಯರ್ಥಿಯ ಲೆಕ್ಕಕ್ಕೆ ಸೇರಿಸಬೇಕೆಂದು 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿದಾಗ ಕಾನೂನನ್ನೇ ತಿದ್ದಿ ಆ ತೀರ್ಪನ್ನು ಬದಿಗೊತ್ತಲಾಯಿತು. ಇಂದ್ರಜಿತ್ ಗುಪ್ತ ಸಮಿತಿ 1998ರಲ್ಲಿ ಸೂಚಿಸಿದ, ವಸ್ತುರೂಪದಲ್ಲಿ ಸರ್ಕಾರವೇ ನೆರವು ಕೊಡುವ ವ್ಯವಸ್ಥೆ ಜಾರಿಯಾಗಲಿಲ್ಲ. ದೇಣಿಗೆಯ ವರದಿ ಹಣಕಾಸು ವರ್ಷ ಮುಗಿದ ಮೇಲೆ ಸಲ್ಲುತ್ತದೆ. ಹಾಗಾಗಿ 2024ರ ಏಪ್ರಿಲ್–ಮೇ ತಿಂಗಳಲ್ಲಿ ಪ್ರಚಾರ ನಡೆಯುತ್ತಿದ್ದಾಗ ಕಂಪನಿಗಳು ಕೊಟ್ಟ ಹಣದ ವರದಿ ಆಯೋಗಕ್ಕೆ ಸಲ್ಲಬೇಕಾದದ್ದು 2025ರ ಮಾರ್ಚ್ ಕಳೆದ ಮೇಲೆ. ಕೊಟ್ಟ ಕೆಲವೇ ದಿನಗಳಲ್ಲಿ, ಮತದಾನಕ್ಕೆ ಮೊದಲೇ, ಈ ವಿವರವನ್ನು ಪ್ರಕಟಿಸಬೇಕೆಂಬ ಕಾನೂನು ಇನ್ನೂ ಬಂದಿಲ್ಲ.