ಮನೆಯೊಳಗಿನ ಮೊಲಕ್ಕೆ ಎಷ್ಟು ಜಾಗ ಬೇಕು?

ಇವತ್ತಿನ ಎಪಿಸೋಡಲ್ಲಿ ಮಧ್ಯೆ ಮಧ್ಯೆ ಏನೋ ಕೆರೆಯೋ ಸದ್ದು ಕೇಳಿಸಿದ್ರೆ ನಿಮ್ಮ ಇಯರ್‌ಫೋನ್ ಕೆಟ್ಟಿದೆ ಅಂದ್ಕೋಬೇಡಿ. ಅದು ಮಂಡಕ್ಕಿ, ನಮ್ಮ ಮೊಲ. ಬೆಳ್ಳಗಿದೆ, ನಾವು ದಾವಣಗೆರೆಯವರು, ಬೇರೆ ಹೆಸರು ಹೊಳೀಲಿಲ್ಲ. ಮೂರು ವಾರದ ಹಿಂದೆ ಅದರ ಫೋಟೋ ಹಾಕಿದ್ಮೇಲೆ ಬಂದ ಮೆಸೇಜುಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಇತ್ತು: ಫ್ಲ್ಯಾಟಲ್ಲಿ ಮೊಲ ಸಾಕೋಕೆ ಎಷ್ಟು ದೊಡ್ಡ ಪಂಜರ ತಗೋಬೇಕು?

ಉತ್ತರಕ್ಕೆ ಮುಂಚೆ ನಾನು ಮಾಡಿದ ತಪ್ಪು ಹೇಳಿಬಿಡ್ತೀನಿ.

ಮೊಲ ತಂದ ದಿನ ಅಂಗಡಿಯಲ್ಲೇ ಪಂಜರಾನೂ ಕೊಟ್ರು. ಎರಡು ಅಡಿ ಉದ್ದ, ಒಂದೂವರೆ ಅಡಿ ಅಗಲ, ಕೆಳಗೂ ತಂತಿ. ಹಿಕ್ಕೆ ತಂತಿ ಸಂದಿಂದ ಟ್ರೇಗೆ ಬೀಳುತ್ತೆ, ಕ್ಲೀನ್ ಮಾಡೋದು ಸುಲಭ ಅಂದ್ರು. ವಾಸನೆ ಬರಬಾರದು ಅಂತ ಅದನ್ನ ಬಾಲ್ಕನಿಯಲ್ಲಿಟ್ಟೆ. ರಾತ್ರಿಯೆಲ್ಲ ಅದು ಕಂಬಿ ಕಚ್ಚಿ ಎಳೆಯೋ ಸದ್ದು. ತಂಗಿ, "ಅಣ್ಣ, ಅದಕ್ಕೆ ಜಾಗ ಸಾಲ್ತಿಲ್ಲ" ಅಂದ್ಲು. ನಾನು, "ಅಂಗಡಿಯವರಿಗಿಂತ ನಿಂಗೆ ಜಾಸ್ತಿ ಗೊತ್ತಾ" ಅಂದೆ. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋದು ನಮ್ಮನೇಲಿ ಆವತ್ತಿಂದ ಬರೀ ಗಾದೆಯಾಗಿ ಉಳಿದಿಲ್ಲ.

ಒಂಬತ್ತನೇ ದಿನ, ಬೆಳಗಿನ ಜಾವ. ಪಕ್ಕದ ಮನೆ ಸಜ್ಜಾ ಮೇಲಿಂದ ಒಂದು ಬೆಕ್ಕು ಬಂದು ನಮ್ಮ ಬಾಲ್ಕನಿ ಗ್ರಿಲ್ ಮೇಲೆ ಕೂತಿತ್ತು. ಒಳಗೆ ಬಂದಿರಲಿಲ್ಲ, ಬರೀ ಕೂತಿತ್ತು. ಮಂಡಕ್ಕಿಗೆ ಓಡೋಕೆ ಜಾಗ ಇಲ್ಲ, ಬಚ್ಚಿಟ್ಟುಕೊಳ್ಳೋಕೆ ಮೂಲೆ ಇಲ್ಲ. ಪಂಜರದೊಳಗೇ ಎಗರಿ ಎಗರಿ ಬಿದ್ದು, ಹಿಂಗಾಲು ತಂತಿಯಲ್ಲಿ ಸಿಕ್ಕಿ, ಉಗುರು ಕಿತ್ತುಬಂದಿತ್ತು. ನಾನು ಎದ್ದು ಬರೋಷ್ಟರಲ್ಲಿ ಟ್ರೇ ತುಂಬ ರಕ್ತ. ರಕ್ತ ಬೇಗ ನಿಂತಿತು. ಆದ್ರೆ ಮೊಲ ತಿನ್ನೋದೇ ಬಿಟ್ಟುಬಿಡ್ತು. ಭಯಕ್ಕಿರಬೇಕು, ಸರಿಹೋಗುತ್ತೆ ಅಂತ ನಾನು ಆಫೀಸಿಗೆ ಹೋದೆ.

ಸಂಜೆ ವೆಟ್ ಹತ್ರ ಹೋದಾಗ ಅವರು ಮೊದಲು ಕೇಳಿದ್ದು ಕಾಲಿನ ಬಗ್ಗೆ ಅಲ್ಲ. "ಹಿಕ್ಕೆ ಹಾಕಿ ಎಷ್ಟು ಹೊತ್ತಾಯ್ತು?" ಅಂತ. ಮೊಲದ ಕರುಳು ಸದಾ ಚಲಿಸ್ತಾ ಇರಬೇಕಂತೆ. ಹೆದರಿಕೆಗೋ ನೋವಿಗೋ ತಿನ್ನೋದು ನಿಲ್ಲಿಸಿದ್ರೆ ಕರುಳೂ ನಿಂತುಹೋಗುತ್ತೆ, ಅರ್ಧ ದಿನ ತಿನ್ನದಿದ್ರೆ ಅದು ಎಮರ್ಜೆನ್ಸಿ. ಇನ್ನೊಂದು ಮಾತು ಹೇಳಿದ್ರು: ಮೊಲದ ಮೂಳೆ ತುಂಬ ಹಗುರ, ಹಿಂಗಾಲಿನ ಮಾಂಸಖಂಡ ತುಂಬ ಬಲ. ಗಾಬರಿಯಲ್ಲಿ ಒದ್ದುಕೊಂಡ್ರೆ ತನ್ನ ಬೆನ್ನುಮೂಳೆಯನ್ನ ತಾನೇ ಮುರ್ಕೊಳ್ಳಬಹುದು. ಎರಡು ದಿನ ರಜೆ ಹಾಕಿ, ಸಿರಿಂಜಲ್ಲಿ ತಿನ್ನಿಸಿದ್ವಿ. ಮೂರನೇ ದಿನ ಬೆಳಿಗ್ಗೆ ತಂಗಿ ಕೂಗಿಕೊಂಡ್ಲು, ಹಿಕ್ಕೆ ಹಾಕಿದೆ ಅಂತ. ಹಿಕ್ಕೆ ನೋಡಿ ಅಷ್ಟು ಖುಷಿಪಟ್ಟಿದ್ದು ಜೀವನದಲ್ಲಿ ಅದೇ ಮೊದಲು.

ಆಮೇಲೆ ಕೂತು ಓದಿದೆ. ಬ್ರಿಟನ್ನಿನಲ್ಲಿ ಮೊಲಗಳಿಗೋಸ್ಕರವೇ ಇರೋ ರ‍್ಯಾಬಿಟ್ ವೆಲ್ಫೇರ್ ಅಸೋಸಿಯೇಷನ್ ಅಂಡ್ ಫಂಡ್ ಅನ್ನೋ ಸಂಸ್ಥೆ ಒಂದು ಅಳತೆ ಹೇಳುತ್ತೆ: ಒಂದು ಜೋಡಿ ಮೊಲಕ್ಕೆ ಕನಿಷ್ಠ 3 ಮೀಟರ್ ಉದ್ದ, 2 ಮೀಟರ್ ಅಗಲ, 1 ಮೀಟರ್ ಎತ್ತರ. ನಮ್ಮ ಲೆಕ್ಕಕ್ಕೆ ಹತ್ತಿರ ಹತ್ತಿರ 65 ಚದರ ಅಡಿ. ನಾನು ಬಿಕಾಂ ಓದಿದವನು, ಕ್ಯಾಲ್ಕುಲೇಟರ್ ಕೈಯಲ್ಲೇ ಇತ್ತು. ನನ್ನ ಪಂಜರ 3 ಚದರ ಅಡಿ. ಇಪ್ಪತ್ತು ಪಟ್ಟಿಗೂ ಜಾಸ್ತಿ ವ್ಯತ್ಯಾಸ! ಅಂಕಿ ಬೇಡ ಅನ್ನೋರಿಗೆ ಸುಲಭದ ಲೆಕ್ಕ ಇದೆ. ಮೊಲ ಒಂದೇ ಸಾಲಲ್ಲಿ ಮೂರು ಸಲ ಜಿಗಿಯೋಕೆ ಆಗಬೇಕು, ಹಿಂಗಾಲ ಮೇಲೆ ನೆಟ್ಟಗೆ ನಿಂತ್ರೆ ಕಿವಿ ತಾಗಬಾರದು, ಮೈಚಾಚಿ ಮಲಗಬೇಕು.

"ಹಾಗಾದ್ರೆ ಭಾನುವಾರ ಮಧ್ಯಾಹ್ನ ಎರಡು ಗಂಟೆ ಹೊರಗೆ ಬಿಡ್ತೀನಿ" ಅಂತೀರಾ? ನಾನೂ ಹಾಗೇ ಮಾಡ್ತಿದ್ದೆ. ಅದು ಸೋಫಾ ಕೆಳಗೆ ಹೋಗಿ ಮಲಗ್ತಿತ್ತು. ಮೊಲ ಚುರುಕಾಗಿರೋದು ಬೆಳಗಿನ ಜಾವ ಮತ್ತೆ ಮುಸ್ಸಂಜೆ. ಮಧ್ಯಾಹ್ನ ಅದರ ನಿದ್ದೆ ಟೈಮು. ನಮಗೆ ಬಿಡುವಿದ್ದಾಗ ಕೊಡೋ ಜಾಗ ಅದಕ್ಕೆ ಉಪಯೋಗಕ್ಕೇ ಬರಲ್ಲ. ಜಾಗ ಯಾವಾಗ್ಲೂ ತೆರೆದಿರಬೇಕು, ಅಂದ್ರೆ ನಾವು ಮಲಗಿದಾಗ್ಲೂ ಆ ಜಾಗ ಸೇಫ್ ಆಗಿರಬೇಕು. ಕಷ್ಟ ಇರೋದೇ ಇಲ್ಲಿ.

ನಮ್ಮ ಹಾಲ್ 12 ಅಡಿಗೆ 10 ಅಡಿ. ಅದರ ಅರ್ಧಕ್ಕೂ ಸ್ವಲ್ಪ ಜಾಸ್ತಿ ಮಂಡಕ್ಕಿಗೆ ಬಿಟ್ಟುಕೊಟ್ವಿ. ಮೂರು ಅಡಿ ಎತ್ತರದ ಮಡಚೋ ಕಂಬಿ ಬೇಲಿ ಹಾಕಿದ್ವಿ. ಎರಡು ಅಡಿಯದ್ದು ಸಾಕು ಅಂತ ಮೊದಲು ತಂದಿದ್ದೆ, ಅದನ್ನ ಮಂಡಕ್ಕಿ ಓಡಿಬಂದು ಕೂಡ ಹಾರಲಿಲ್ಲ, ನಿಂತಲ್ಲಿಂದಲೇ ಹಾರಿತು. ನೆಲ ವಿಟ್ರಿಫೈಡ್ ಟೈಲ್ಸ್, ಕಾಲು ಜಾರುತ್ತೆ, ಅದಕ್ಕೆ ಊರಿಂದ ಅಮ್ಮನ ಹಳೇ ಜಮಖಾನ ತರಿಸಿದೆ. ಸ್ಪಂಜಿನ ಮ್ಯಾಟ್ ಬೇಡ, ತಿಂದುಬಿಡುತ್ತೆ. ಜಮಖಾನದ ಅಂಚಿನ ದಾರ ಬಿಚ್ಚಿಕೊಂಡಿದ್ರೆ ಕತ್ತರಿಸಿ, ಅದೂ ಹೊಟ್ಟೆಗೆ ಹೋಗಬಾರದು.

ಇನ್ನು ವೈರು. ಮೊಲದ ಹಲ್ಲು ಸಾಯೋತನಕ ಬೆಳೀತಾನೇ ಇರುತ್ತೆ, ಕಡಿಯೋದು ಅದಕ್ಕೆ ಚಟ ಅಲ್ಲ, ಅಗತ್ಯ. ನನ್ನ ಮೈಕಿನ ಕೇಬಲ್ ಹೋಯ್ತು, ಆಮೇಲೆ ಫೋನ್ ಚಾರ್ಜರ್. ಎರಡರಲ್ಲೂ ಕರೆಂಟ್ ಕಮ್ಮಿ, ಬಚಾವ್. ಫ್ರಿಜ್ ವೈರಾಗಿದ್ರೆ ಕಥೆ ಬೇರೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಗೋಡೆಗೆ ಅಂಟಿಸೋ ಪಿವಿಸಿ ಕೇಸಿಂಗ್ ಪಟ್ಟಿ ಸಿಗುತ್ತೆ, ವೈರೆಲ್ಲ ಅದರೊಳಗೆ ಹಾಕಿ. ಫ್ರಿಜ್ ಹಿಂದೆ, ವಾಷಿಂಗ್ ಮಷೀನ್ ಹಿಂದೆ ಸಂದಿ ಇದ್ರೆ ಮುಚ್ಚಿ. ತಲೆ ತೂರೋ ಸಂದೀಲಿ ಮೊಲ ಮೈಯನ್ನೂ ತೂರಿಸೋಕೆ ನೋಡುತ್ತೆ. ಮನಿ ಪ್ಲಾಂಟ್ ಮೇಲಕ್ಕೆ ನೇತುಹಾಕಿ, ಅದು ಮೊಲಕ್ಕೆ ವಿಷ. ಕಣಗಲೆ ಗಿಡ ಇದ್ರೆ ಮನೆಯಿಂದಲೇ ಆಚೆ ಹಾಕಿ.

ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದೀವಿ, ಮೊಲ ಬಿಡಬಹುದಾ ಅಂತ ಒಬ್ಬರು ಕೇಳಿದ್ರು. ಬೇಡ. ಆ ನೈಲಾನ್ ಬಲೆ ಪಾರಿವಾಳವನ್ನ ಆಚೆ ಇಡೋಕೆ ಮಾಡಿದ್ದು, ಮೊಲವನ್ನ ಒಳಗೆ ಇಡೋಕಲ್ಲ. ಅದರ ಹಲ್ಲಿಗೆ ಅದು ಶಾವಿಗೆ ಇದ್ದ ಹಾಗೆ. ನಾವು ಅರ್ಧ ಇಂಚಿನ ವೆಲ್ಡ್ ಮೆಶ್ಶನ್ನ ಗ್ರಿಲ್ಲಿಗೆ ಕೆಳಗಿಂದ ಮೇಲಿನತನಕ ಕಟ್ಟಿಸಿದ್ವಿ. ಅಷ್ಟಾದ್ರೂ ನಾವು ಜೊತೆಗಿದ್ದಾಗ ಮಾತ್ರ ಬಾಲ್ಕನಿ. ಯಾಕಂದ್ರೆ ಬೆಕ್ಕು ಒಳಗೆ ಬರಬೇಕಂತಿಲ್ಲ, ಆಚೆ ಕೂತ್ರೂ ಸಾಕು, ಅದನ್ನ ನಾನು ನೋಡಿದೀನಿ. ಬಿಸಿಲೂ ಅಷ್ಟೇ. ಮೊಲ ನಮ್ಮ ಹಾಗೆ ಬೆವರಲ್ಲ, ಕಿವಿಯಿಂದಲೇ ಮೈ ತಣ್ಣಗೆ ಮಾಡ್ಕೋಬೇಕು. ಏಪ್ರಿಲಲ್ಲಿ ಗ್ರಾನೈಟ್ ಅಂಗಡಿಯಿಂದ ಒಂದು ಮಿಕ್ಕಿದ ತುಂಡು ತಂದು ಫ್ಯಾನ್ ಕೆಳಗೆ ಇಟ್ಟೆ, ದಿನವಿಡೀ ಅದರ ಮೇಲೇ ಮಲಗಿರ್ತಿತ್ತು.

ಎಲ್ಲಕ್ಕಿಂತ ಕಮ್ಮಿ ಖರ್ಚಿನ ವಸ್ತು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು. ಕೊರಿಯರ್ ಬಂದ ರಟ್ಟಿನ ಡಬ್ಬ. ಎರಡು ಕಡೆ ಬಾಗಿಲು ಕತ್ತರಿಸಿ ಇಡಿ, ಒಂದು ಕಡೆಯಿಂದ ಹೆದರಿಕೆ ಬಂದ್ರೆ ಇನ್ನೊಂದು ಕಡೆಯಿಂದ ಓಡಬೇಕಲ್ಲ. ಸಾಕು ಮೊಲದ ಪೂರ್ವಿಕರು ಸ್ಪೇನ್, ಪೋರ್ಚುಗಲ್ ಕಡೆಯ ಬಿಲ ತೋಡೋ ಮೊಲಗಳು. ಅಮ್ಮ ಫೋನಲ್ಲಿ, "ನಮ್ಮ ಮೆಕ್ಕೆಜೋಳದ ಹೊಲದಾಗೆ ಮೊಲ ಇರಲ್ವೇನೋ, ಅದಕ್ಯಾವ ಡಬ್ಬ ಇಟ್ಟಾರ" ಅಂದ್ರು. ಕನ್ನಡದಲ್ಲಿ ಎರಡಕ್ಕೂ ಒಂದೇ ಹೆಸರು, ಪ್ರಾಣಿ ಮಾತ್ರ ಬೇರೆ. ಹೊಲದ ಮೊಲ ಬಿಲ ತೋಡಲ್ಲ, ಪೊದೆ ಮರೆಯಲ್ಲಿ ಮಲಗಿ, ಅಪಾಯ ಬಂದ್ರೆ ಓಡುತ್ತೆ. ಅದನ್ನ ಹಿಡಿದು ಸಾಕೋ ಹಾಗೂ ಇಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಡಿ ಅಪರಾಧ. ಊರಲ್ಲಿ ಹೊಲದಾಗೆ ಮರಿ ಸಿಕ್ರೆ ಅನಾಥ ಅಂತ ಎತ್ಕೊಂಡು ಬರಬೇಡಿ, ತಾಯಿ ಕತ್ತಲಾದ್ಮೇಲೆ ಬಂದು ಹಾಲು ಕೊಡುತ್ತೆ.

ಜೋಡಿ ವಿಷಯ. ಮೊಲ ಒಂಟಿಯಾಗಿ ಇರೋ ಪ್ರಾಣಿ ಅಲ್ಲ, ಇನ್ನೊಂದು ತರಬೇಕು ಅಂತಿದೀವಿ. ಆದ್ರೆ ಆಪರೇಷನ್ ಮಾಡಿಸದೆ ಗಂಡು ಹೆಣ್ಣು ಒಟ್ಟಿಗೆ ಬಿಟ್ರೆ 31 ದಿನಕ್ಕೆ ಮರಿ, ಮರಿ ಹಾಕಿದ ದಿನವೇ ಮತ್ತೆ ಗಬ್ಬ ಆಗಬಹುದು. ಚಕ್ರಬಡ್ಡಿಗಿಂತ ಜೋರು. ಮೊಲ ನೋಡಿ ಅಭ್ಯಾಸ ಇರೋ ವೆಟ್ ಸಿಕ್ಕ ಮೇಲೇ ಆ ಕೆಲಸ.

ಬಾಡಿಗೆ ಮನೆಯ ಅರ್ಧ ಹಾಲ್ ಮೊಲಕ್ಕೆ ಕೊಟ್ಟಿದೀಯಾ ಅಂತ ಫ್ರೆಂಡ್ಸ್ ನಗ್ತಾರೆ. ಕೊಡೋಕೆ ಆಗಲ್ಲ ಅಂದ್ರೆ ತರಬೇಡಿ, ಅದರಲ್ಲಿ ತಪ್ಪೇನಿಲ್ಲ. ನಾನು ಕೊಟ್ಟ ವಾರ ಒಂದು ಸಂಜೆ ಮಂಡಕ್ಕಿ ಜಮಖಾನದ ಮೇಲೆ ಓಡ್ತಾ ಓಡ್ತಾ ಗಾಳಿಯಲ್ಲೇ ಮೈ ತಿರುಗಿಸಿ ಜಿಗಿದು, ಬಿದ್ದು, ಮತ್ತೆ ಜಿಗಿಯಿತು. ಫಿಟ್ಸ್ ಬಂತೇನೋ ಅಂತ ಗಾಬರಿಯಾಗಿ ವೆಟ್‌ಗೆ ವಿಡಿಯೋ ಕಳಿಸಿದೆ. "ಖುಷಿಯಾಗಿದೆ ಅಷ್ಟೇ" ಅಂತ ರಿಪ್ಲೈ ಬಂತು. ಮನೆಗೆ ಬಂದು ತಿಂಗಳಾಗಿತ್ತು, ಅದೇ ಮೊದಲ ಸಲ.

ಈಗ ಕೇಳಿಸ್ತಲ್ಲ, ಟಪ್ ಅಂತ, ಹಿಂಗಾಲಲ್ಲಿ ನೆಲ ಗುದ್ದೋದು? ಅದು ಏನೋ ಅಪಾಯ ಕಂಡಿದೆ ಅಂತ. ಬೆಕ್ಕು ಬಂದಿರಬೇಕು. ಬಾಲ್ಕನಿ ಬಾಗಿಲು ಹಾಕಿ ಬರ್ತೀನಿ, ಮುಂದಿನ ವಾರ ಸಿಗೋಣ.