ಉಬ್ಬರವಿಳಿತದ ವೇಳಾಪಟ್ಟಿ

ಕುಮಟಾ ಕಡೆಯಿಂದ ಗೋಕರ್ಣಕ್ಕೆ ಹೊರಟ ಪ್ರವಾಸಿ ಬಸ್ಸುಗಳಿಗೆ ಅಘನಾಶಿನಿ ನದಿ ಎಂದರೆ ಹೆದ್ದಾರಿಯ ಒಂದು ಸೇತುವೆ ಮಾತ್ರ. ದೇವರ ದರ್ಶನ, ಕಡಲಂಚಿನ ಸೂರ್ಯಾಸ್ತ ಮುಗಿದರೆ ಪ್ರವಾಸವೂ ಮುಗಿಯಿತು. ಆದರೆ ಈ ಕರಾವಳಿಯ ಬದುಕು ಅರ್ಥವಾಗುವುದು ನದಿ ಕಡಲು ಕೂಡುವ ಅಳಿವೆಯಲ್ಲಿ.

ಅವಸರವಿಲ್ಲದ ಮಾರ್ಗದರ್ಶಿ ತಂಡವನ್ನು ಮೊದಲು ಮಿರ್ಜಾನ್ ಕೋಟೆಗೆ ಒಯ್ಯುತ್ತಾನೆ. 16ನೇ ಶತಮಾನದಲ್ಲಿ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಆಳ್ವಿಕೆಯಲ್ಲಿ ಘಟ್ಟದ ಕಾಳುಮೆಣಸು ಇಂಥ ಅಳಿವೆಗಳಿಂದಲೇ ಹಡಗೇರಿತು. ಪೋರ್ಚುಗೀಸರು ಆಕೆಯನ್ನು ‘ಮೆಣಸಿನ ರಾಣಿ’ ಎಂದೇ ಕರೆದರು.

ಮುಂದಿನದು ಕಾಯುವ ಕೆಲಸ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು 6 ಗಂಟೆ. ನೀರಿಳಿದಾಗ ಸೊಂಟಮಟ್ಟದ ಹೊಳೆಯಲ್ಲಿ ಜನ ಬಳಚು ಎಂಬ ಚಿಪ್ಪುಜೀವಿಯನ್ನು ಆಯುತ್ತಾರೆ. ನೀರೇರಿದಾಗ ಮೀನು, ಸೀಗಡಿ ಗಜನಿ ಗದ್ದೆಗಳತ್ತ ಬರುತ್ತವೆ. ಮಳೆಗಾಲದಲ್ಲಿ ಮಣ್ಣಿನ ಉಪ್ಪು ತೊಳೆದುಹೋದ ಅದೇ ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಬಲ್ಲ ‘ಕಗ್ಗ’ ಭತ್ತ ಬೆಳೆಯುತ್ತದೆ. ಹತ್ತಿರದ ಸಾಣಿಕಟ್ಟಾದಲ್ಲಿ ಬೇಸಿಗೆಯ ಬಿಸಿಲು ಅದೇ ಉಪ್ಪುನೀರನ್ನು ಉಪ್ಪಾಗಿಸುತ್ತದೆ.

ಇಷ್ಟೆಲ್ಲಕ್ಕೂ ಆಧಾರ ಸಿಹಿನೀರು ಮತ್ತು ಉಪ್ಪುನೀರಿನ ಹೊಂದಾಣಿಕೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲದಿರುವುದರಿಂದ ಅದು ಇನ್ನೂ ಉಳಿದಿದೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆನಿಸಿತು. ಆದರೂ ಕಗ್ಗ ಬೆಳೆಯುವ ಗದ್ದೆಗಳು ಕಡಿಮೆಯಾಗುತ್ತಿವೆ. ಪಟ್ಟಿ ಗೌರವ ಕೊಟ್ಟೀತು. ಒಡ್ಡು ಕಟ್ಟಿ ಬೀಜ ಬಿತ್ತಲು ಊರಿನವರೇ ಬೇಕು.

ಸೇತುವೆಯ ಮೇಲಿಂದ ಕಾಣುವುದು ಬರೀ ನೀರು. ದಡದಲ್ಲಿ ಅರ್ಧ ದಿನ ಕುಳಿತವನಿಗೆ ಅದೇ ನೀರು ಗದ್ದೆಯಾಗಿ, ಬಲೆಯಾಗಿ, ಅನ್ನವಾಗಿ ಕಾಣುತ್ತದೆ.