ನಾದಸಾಧಕಿ ಗಂಗೂಬಾಯಿ ಹಾನಗಲ್

(ಶತಮಾನೋತ್ಸವ ಸಮಾರಂಭದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣ)



ಶಾಲೆಗೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ, ಐದನೆಯ ತರಗತಿಯವರೆಗೆ ಮಾತ್ರ ಓದಿದ ಒಬ್ಬ ಮಹಿಳೆಯನ್ನು ಕುರಿತು ಮಾತನಾಡಲು ಬಯಸುತ್ತೇನೆ. ಅವರೇ ಗಂಗೂಬಾಯಿ ಹಾನಗಲ್. ಇಂದು ಮೈಸೂರಿನ ಸಂಗೀತ ವಿಶ್ವವಿದ್ಯಾಲಯವು ಅವರ ಹೆಸರನ್ನೇ ಹೊತ್ತಿದೆ.

ಗಂಗೂಬಾಯಿಯವರು ಜನಿಸಿದ್ದು 1913ರ ಮಾರ್ಚ್ 5ರಂದು, ಧಾರವಾಡದಲ್ಲಿ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದಲ್ಲಿ ನುರಿತವರು. ಮಗಳ ಒಲವು ಹಿಂದೂಸ್ತಾನಿಯತ್ತ ಹರಿದಾಗ, ತಮ್ಮ ಹಾಡಿಕೆಯ ಛಾಯೆ ಆಕೆಯ ಮೇಲೆ ಬೀಳಬಾರದೆಂದು ತಾವೇ ಹಾಡುವುದನ್ನು ಬಿಟ್ಟರು.

1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ ನಡೆದಾಗ ಸ್ವಾಗತಗೀತೆ ಹಾಡಿದವರಲ್ಲಿ ಈ ಬಾಲಕಿಯೂ ಒಬ್ಬಳು. ಆದರೆ ಕೆಳಜಾತಿಯವಳೆಂದು ತನ್ನನ್ನು ಊಟದ ಎಲೆ ತೆಗೆಯಲು ಕಳುಹಿಸಿಯಾರೆಂಬ ಅಳುಕು ಅಂದು ಮನದಲ್ಲಿತ್ತೆಂದು ಅವರೇ ಮುಂದೆ ನೆನೆದಿದ್ದಾರೆ.

ಕಿರಾಣಾ ಘರಾಣೆಯ ಸವಾಯಿ ಗಂಧರ್ವರಲ್ಲಿ ಕಲಿಯಲು ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಸಂಸಾರ, ಮಕ್ಕಳು, ಹಣದ ಅಡಚಣೆ ಎಲ್ಲವೂ ಇದ್ದವು. ಸಂಜೆ ಅವರನ್ನು ನಿಲ್ದಾಣದವರೆಗೆ ಬಿಟ್ಟುಬರುತ್ತಿದ್ದ ಕಿರಿಯ ಸಹಪಾಠಿಯೇ ಮುಂದೆ ಭಾರತರತ್ನರಾದ ಭೀಮಸೇನ ಜೋಶಿ.

ಮಧುರವಾಗಿದ್ದ ಅವರ ಕಂಠ ಗಂಟಲಿನ ಚಿಕಿತ್ಸೆಯ ತರುವಾಯ ಗಡುಸಾಯಿತು. ಗಾಯಕಿಯ ದನಿ ತೆಳುವಾಗಿರಬೇಕೆಂದು ಜನ ಬಯಸುತ್ತಿದ್ದ ಕಾಲವದು. ಅವರು ಎದೆಗುಂದಲಿಲ್ಲ, ಆ ಗಂಭೀರ ದನಿಯನ್ನೇ ಸಾಧನೆಯಿಂದ ಪಳಗಿಸಿದರು. ಅದೇ ದನಿಗೆ 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಒಲಿದು ಬಂದವು. 2009ರ ಜುಲೈ 21ರಂದು ಅವರು ಹುಬ್ಬಳ್ಳಿಯಲ್ಲಿ ನಿಧನರಾದರು.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾನು ಹೊಸದಾಗಿ ಶಿಕ್ಷಕಿಯಾಗಿ ಬೇರೊಂದು ಊರಿನಲ್ಲಿದ್ದಾಗ, ಪ್ರಾರ್ಥನೆಯ ತಂಡದಲ್ಲಿ ಒರಟು ದನಿಯ ಹುಡುಗಿಯೊಬ್ಬಳಿದ್ದಳು. ಹಾಡು ಕೆಡುವುದೆಂದು ಅವಳನ್ನು ಹಿಂದಿನ ಸಾಲಿಗೆ ಸರಿಸಿ, "ನೀನು ತುಟಿ ಆಡಿಸಿದರೆ ಸಾಕು" ಎಂದೆ. ಅವಳು ಹಾಗೆಯೇ ಮಾಡಿದಳು. ಮರುವರ್ಷ ಶಾಲೆಗೆ ಬರಲಿಲ್ಲ. ಹತ್ತಿ ಬಿಡಿಸಲು ಹೋಗುತ್ತಿದ್ದಾಳೆಂದು ತಿಳಿಯಿತು. ಬಡತನವೇ ಕಾರಣವಿರಬಹುದು. ಆದರೂ ಅವಳನ್ನು ಶಾಲೆಗೆ ಕಟ್ಟಿಹಾಕಬಹುದಾಗಿದ್ದ ಒಂದು ಎಳೆಯನ್ನು ನನ್ನ ಕೈಯಾರೆ ಕಡಿದೆನಲ್ಲ ಎಂಬ ನೋವು ಇಂದಿಗೂ ಉಳಿದಿದೆ. ಗಂಗೂಬಾಯಿಯವರ ಹಾಡು ಕೇಳಿದಾಗಲೆಲ್ಲ ಆ ಮಗುವಿನ ಮುಖ ಕಣ್ಣೆದುರು ಬರುತ್ತದೆ.

ಈ ಗಡಿನಾಡಿನಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತ ಬೆಳೆಯುವ ನಮ್ಮ ಮಕ್ಕಳೂ ಒಂದರ್ಥದಲ್ಲಿ ಹಿಂದಿನ ಸಾಲಿನವರೇ. ಅವರ ದನಿ ಬೇರೆಯಾಗಿದೆಯೆಂದು ಸುಮ್ಮನಾಗಿಸುವುದು ಸುಲಭ. ತಿದ್ದಿ ಬೆಳೆಸುವುದು ಕಷ್ಟ. ಆ ಕಷ್ಟದ ಕೆಲಸಕ್ಕಾಗಿಯೇ ಶಾಲೆಯಿದೆ. ಪಾಲಕರಲ್ಲಿ ನನ್ನದು ಒಂದೇ ವಿನಂತಿ: ಹೆಣ್ಣುಮಕ್ಕಳ ಓದನ್ನು ಹೊಲದ ಕೆಲಸಕ್ಕಾಗಿ ನಡುವೆ ನಿಲ್ಲಿಸಬೇಡಿ. ಶಿಕ್ಷಕರ ಪರವಾಗಿ ನಾನು ಕೊಡುವ ಮಾತೂ ಒಂದೇ: ತುಟಿ ಮಾತ್ರ ಆಡಿಸೆಂದು ಇಲ್ಲಿ ಯಾವ ಮಗುವಿಗೂ ಹೇಳೆವು.